ಹಾಳು ದೆವ್ವದ ಸಿನಿಮಾ ಯಾಕೆ ಇಷ್ಟವಾಗುತ್ತದೆ?

ನೀರ್ಚಾಲಿನವ:
ನಿನ್ನೆ ರಾತ್ರಿ ತಮ್ಮನ ಜೊತೆ ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ನೋಡಿದೆ. ಹಳೆಯ ಡ್ರಾಕುಲಾ ಸಿನಿಮಾದ ನಟ ಬೇಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದರು. ಮೊದಲೇ ತೆಗೆದಿಟ್ಟಿದ್ದ ಅವರ ಸ್ವಲ್ಪ ದೃಶ್ಯಗಳು ಮಾತ್ರ ಇದರಲ್ಲಿವೆ. ಉಳಿದ ಕಡೆ ಬೇರೊಬ್ಬರು ಕಪ್ಪು ನಿಲುವಂಗಿಯನ್ನು ಮುಖಕ್ಕೆ ಅಡ್ಡ ಹಿಡಿದು ಓಡಾಡುತ್ತಾರೆ. ಬೇರೆಯವರೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೂ ಕೊನೆಯವರೆಗೆ ಏಳಲು ಮನಸ್ಸಾಗಲಿಲ್ಲ. ಯಾಕಿರಬಹುದು?

ಉಪ್ಪಳದಿಂದ:
ಸುಮ್ನೆ ನಗಲಿಕ್ಕೆ, ಅಲ್ವಾ? ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ (1984) ನಾವು ಹತ್ತು ಜನ ಸೇರಿಯೇ ನೋಡುವುದು. ಒಬ್ಬನೇ ಕೂತರೆ ಅಷ್ಟು ಮಜಾ ಇಲ್ಲ.

ಬದಿಯಡ್ಕದ ಗೊಬ್ಬರದಂಗಡಿ:
ಬರೀ ನಗಲಿಕ್ಕೆ ಅಂದರೆ ನಾನು ಒಪ್ಪುವುದಿಲ್ಲ. 1966ರ ‘ಮ್ಯಾನೋಸ್: ದ ಹ್ಯಾಂಡ್ಸ್ ಆಫ್ ಫೇಟ್’ ನೋಡಿ. ಅದನ್ನು ಮಾಡಿದ ಹೆರಾಲ್ಡ್ ವಾರೆನ್ ಅಮೆರಿಕದ ಎಲ್ ಪಾಸೊದಲ್ಲಿ ಗೊಬ್ಬರ ಮಾರುತ್ತಿದ್ದವರು. ನಾನೂ ಅದೇ ಕೆಲಸದವನು, ಹಾಗಾಗಿ ಈ ಮನುಷ್ಯನ ಮೇಲೆ ಪ್ರೀತಿ ಜಾಸ್ತಿ. ಕೀಲಿ ಕೊಟ್ಟರೆ ಅವರ ಕ್ಯಾಮರಾ ಓಡುತ್ತಿದ್ದದ್ದು 32 ಸೆಕೆಂಡು. ಧ್ವನಿ ಹಿಡಿಯುವ ಸೌಕರ್ಯ ಇರಲಿಲ್ಲ. ಆಮೇಲೆ ಕೆಲವೇ ಜನ ಕೂತು ಎಲ್ಲರ ಮಾತನ್ನೂ ಸೇರಿಸಿದರು. ಚಿಕ್ಕ ಹುಡುಗಿ ಬಾಯಿ ತೆರೆದರೆ ದೊಡ್ಡ ಹೆಂಗಸಿನ ದನಿ! ಅದರಲ್ಲಿ ದುಷ್ಟ ಯಜಮಾನನ ಪಾತ್ರ ಮಾಡಿದ್ದು ಆ ಹುಡುಗಿಯ ಸ್ವಂತ ಅಪ್ಪ.

ಟೋರ್ಗೋ ಎಂಬ ಆಳು ನಡೆಯುವುದನ್ನು ಗಮನಿಸಿ. ಪ್ಯಾಂಟಿನೊಳಗೆ ಮೊಣಕಾಲು ಉಬ್ಬಿಕೊಂಡಿದೆ. ಆಡಿನ ಕಾಲಿನ ಮನುಷ್ಯ ಅಂತ ತೋರಿಸಲು ಹೊರಟದ್ದು. ಸಿನಿಮಾದಲ್ಲಿ ಅದನ್ನು ಎಲ್ಲೂ ಹೇಳುವುದಿಲ್ಲ. ಆದರೂ ಆ ನಟ ಒಂದೊಂದು ಹೆಜ್ಜೆಯನ್ನೂ ಕಷ್ಟಪಟ್ಟು ಇಡುತ್ತಾನೆ.

ನಮ್ಮೂರ ಯಕ್ಷಗಾನದ ಆಟದಲ್ಲಿ ಒಮ್ಮೆ ನಾನು ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ ಹಾಕಿದ್ದೆ. ಗಂಟೆಗಟ್ಟಲೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕೂತು ಮುಖಕ್ಕೆ ಇಟ್ಟ ಚಿಟ್ಟಿ, ಅಂದರೆ ಅಕ್ಕಿಹಿಟ್ಟಿನ ಉಬ್ಬು ಚುಕ್ಕೆಗಳು, ಸೆಕೆಗೆ ಬೆವರಿ ಒಂದು ಕೆನ್ನೆಯಿಂದ ಕಳಚಿ ಬಿತ್ತು. ಅಷ್ಟರಲ್ಲಿ ಬೆಂಕಿ ಭಗ್ಗೆನ್ನಲು ದೊಂದಿಗೆ ರಾಳದ ಪುಡಿ ಎರಚಿದರು, ನಾನು ರಾಕ್ಷಸನ ಅಬ್ಬರ ಕೊಟ್ಟೆ. ಎದುರು ಚಾಪೆಯಲ್ಲಿದ್ದ ಮಗು ಚಿಟ್ಟಿ ಬಿದ್ದದ್ದನ್ನು ಕಣ್ಣಾರೆ ನೋಡಿತ್ತು. ಆದರೂ ಹೆದರಿ ಅಮ್ಮನ ಸೆರಗಿನೊಳಗೆ ಹೊಕ್ಕಿತು. ಟೋರ್ಗೋನ ಮೊಣಕಾಲು ಕಂಡಾಗಲೆಲ್ಲ ನನಗೆ ಆ ಮಗು ನೆನಪಾಗುತ್ತದೆ.

ಉಪ್ಪಳದಿಂದ:
ಇದು ನನಗೆ ಹೊಳೆದೇ ಇರಲಿಲ್ಲ. ರಾಮ್ಸೆಯವರ ದೆವ್ವ ಬಂದಾಗ ನಮ್ಮಲ್ಲೂ ಇಬ್ಬರು ನಗುವುದು ನಿಲ್ಲಿಸುತ್ತಾರೆ, ನಿಜ.

ನೀರ್ಚಾಲಿನವ:
ಅಣ್ಣಾ, ನಿಲುವಂಗಿ ಹಿಡಿದಿದ್ದ ಆ ಕೈ ಈಗ ಕಣ್ಣಿಗೆ ಕಟ್ಟುತ್ತಿದೆ. ಎಷ್ಟು ಜಾಗ್ರತೆಯಿಂದ ಹಿಡಿದುಕೊಂಡಿದ್ದರು! ಶನಿವಾರ ತಮ್ಮನಿಗೆ ‘ಮ್ಯಾನೋಸ್’ ತೋರಿಸುತ್ತೇನೆ.