ಕೋಳಿ ಗೊಬ್ಬರ ಹಾಕಿದ ಮೇಲೆ ಬದನೆ ಎಲೆ ಅಂಚು ಸುಡುತ್ತಿದೆ (ಎರೆ ಮಣ್ಣು, ಗದಗ)

ಬೆಟಗೇರಿ ಹಿತ್ತಲು:
ನಮಸ್ಕಾರ್ರೀ ಎಲ್ಲರಿಗೂ. ಹಿತ್ತಲಲ್ಲಿ ಒಂಬತ್ತು ಜವಾರಿ ಕೋಳಿ ಸಾಕಿದ್ದೇನೆ. ಪಕ್ಕದಲ್ಲೇ ಹತ್ತು ಬದನೆ, ಆರು ಟೊಮೆಟೊ, ಒಂದು ಸಾಲು ಮೆಣಸಿನ ಗಿಡ. ಪೂರಾ ಎರೆ ಮಣ್ಣು. ಯುಗಾದಿ ಆದ ಮೇಲೆ ಗೂಡು ಬಳಿದೆ. ಸಿಕ್ಕ ಗೊಬ್ಬರವನ್ನು ಗೂಡಿಗೆ ಹಾಸಿದ್ದ ಶೇಂಗಾ ಸಿಪ್ಪೆ ಸಮೇತ ಗಿಡಕ್ಕೆ ಎರಡೆರಡು ಬೊಗಸೆ ಹಾಕಿದೆ. ಮೊದಲ ವಾರ ಎಲೆ ಕಡು ಹಸಿರಾದವು. ಈಗ ಬದನೆಯ ಕೆಳಗಿನ ಎಲೆಗಳು ಅಂಚಿನಿಂದ ಕಂದಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿವೆ. ಟೊಮೆಟೊ ಹೂ ಉದುರುತ್ತಿದೆ. ಬೇವಿನ ಎಣ್ಣೆ ಎರಡು ಸಲ ಹೊಡೆದೆ, ಏನೂ ಫರಕ್ ಇಲ್ಲ. ಯಾವ ರೋಗ ಇದು? ಗಿಡ ಕೀಳಬೇಕಾ?

ರಾಣೆಬೆನ್ನೂರು ಕೋಳಿಗೂಡು:
ಕೀಳಬೇಡಿ ಅಕ್ಕಾರ. ಎಲೆ ಹಿಂದೆ ಹುಳ ಇದೆಯಾ? ಗೊಬ್ಬರ ಕಳಿತಿತ್ತಾ, ಹಸಿಯಾ? ನೀರು ಹೇಗೆ ಕೊಡ್ತೀರಿ? ಒಂದು ಗಿಡದ ಬುಡ ಕೆದಕಿ ಮೂಸಿ ನೋಡಿ.

ಬೆಟಗೇರಿ ಹಿತ್ತಲು:
ಹುಳ ಇಲ್ಲ. ಗೊಬ್ಬರ ಗೂಡಿನಿಂದ ನೇರ ಬುಡಕ್ಕೇ ಹೋಗಿದೆ. ನಲ್ಲಿ ಬಂದ ದಿನ ಹೊಟ್ಟೆ ತುಂಬ ನೀರು ಹಾಕ್ತೇನೆ, ನಡುವೆ ನಾಲ್ಕೈದು ದಿನ ಒಣಗುತ್ತೆ. ಈಗ ಕೆದಕಿದೆ. ಮಣ್ಣು ಹೆಬ್ಬೆರಳು ಇಳಿಯುವಷ್ಟು ಬಿರುಕು ಬಿಟ್ಟಿದೆ, ಒಳಗೆಲ್ಲ ಸಿಪ್ಪೆ ಇಳಿದಿದೆ. ಮೂಗಿಗೆ ಎಂಥಾ ಘಾಟು ಅಂದ್ರೆ, ಕಣ್ಣಲ್ಲಿ ನೀರು ಬಂತು.

ರಾಣೆಬೆನ್ನೂರು ಕೋಳಿಗೂಡು:
ಹಾಗಾದರೆ ರೋಗ ಅಲ್ಲ, ಗೊಬ್ಬರದ ಉರಿ. ಆ ಘಾಟು ಅಮೋನಿಯಾ. ಕೋಳಿಗೆ ಉಚ್ಚೆ, ಹಿಕ್ಕೆ ಎರಡೂ ಒಟ್ಟಿಗೇ ಬರುತ್ತವೆ. ಹಿಕ್ಕೆ ಮೇಲಿನ ಬಿಳಿ ಭಾಗವೇ ಉಚ್ಚೆ, ಯೂರಿಕ್ ಆಮ್ಲ. ಅದು ಕಳಿಯುವಾಗ ಅಮೋನಿಯಾ ಆಗುತ್ತೆ. ಜೊತೆಗೆ ಉಪ್ಪಿನಂಶವೂ ಜಾಸ್ತಿ, ಅದು ಬೇರಿಗೆ ನೀರು ಹೀರಲು ಬಿಡುವುದಿಲ್ಲ. ಅದಕ್ಕೇ ಅಂಚು ಮೊದಲು ಒಣಗುವುದು. ನಿಮ್ಮಲ್ಲಿ ಇನ್ನೊಂದು ತೊಂದರೆ ಸೇರಿದೆ: ಬಿರುಕಿನೊಳಗೆ ಬಿದ್ದ ಗೊಬ್ಬರ ಬೇರಿನ ಪಕ್ಕಕ್ಕೇ ಹೋಗಿ ಕೂತಿದೆ.

ಇವತ್ತೇ ಸಂಜೆ ಬುಡದ ಸಿಪ್ಪೆ, ಗೊಬ್ಬರ ಎಲ್ಲ ಕೈಯಿಂದ ಬಳಿದು ತೆಗೆಯಿರಿ. ಕುರ್ಪಿ ಆಳಕ್ಕೆ ಹಾಕಬೇಡಿ, ಬೇರು ಹರಿಯುತ್ತೆ. ಆಮೇಲೆ ನೀರು. ಒಂದೇ ಸಲ ಕೊಡ ಸುರಿದರೆ ಎರೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತೆ, ಬೇರಿಗೆ ಉಸಿರು ಕಟ್ಟುತ್ತೆ. ಒಂದೊಂದೇ ತಂಬಿಗೆ ನಿಧಾನವಾಗಿ ಹಾಕಿ, ಇಂಗಲು ಬಿಡಿ, ಮತ್ತೆ ಹಾಕಿ. ಬುಡಕ್ಕೆ ಜೋಳದ ಕಣಿಕೆ ತುಂಡರಿಸಿ ನಾಲ್ಕು ಬೆರಳು ದಪ್ಪ ಮುಚ್ಚಿದರೆ ಬಿರುಕೂ ಕಡಿಮೆಯಾಗುತ್ತೆ. ಕಾಂಡಕ್ಕೆ ತಾಗಿಸಬೇಡಿ. ಕೋಳಿ ಅದನ್ನು ಕೆದರದೆ ಬಿಡುವುದಿಲ್ಲ, ಸುತ್ತ ಜಾಳಿಗೆ ಕಟ್ಟಿ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಸುಳಿ ನೋಡ್ತಾ ಇರಿ.

ಗೊಬ್ಬರ ಚೆಲ್ಲಬೇಡಿ ಮಾತ್ರ, ಬಂಗಾರ ಅದು! ಒಂದು ಬುಟ್ಟಿಗೆ ಎರಡು ಮೂರು ಬುಟ್ಟಿ ಒಣ ಎಲೆ, ಕಣಿಕೆ ಸೇರಿಸಿ ನೆರಳಲ್ಲಿ ಗುಡ್ಡೆ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ಹಸಿ ಸಾಕು. ವಾರಕ್ಕೊಮ್ಮೆ ಮಗುಚಿ. ಮೂರು ತಿಂಗಳು ಬೇಕು. ಶೇಂಗಾ ಸಿಪ್ಪೆ ಗೂಡಿಗೆ ಹಾಸುವಾಗಲೂ ನೋಡಿ ಹಾಕಿ, ನೆನೆದು ಬೂಷ್ಟು ಬಂದದ್ದು ಕೋಳಿಗೆ ವಿಷ.

ಧಾರವಾಡ ಕೈತೋಟ:
ಎಲ್ಲ ಸರಿ ಅಣ್ಣಾ, ಆದರೆ ಟೊಮೆಟೊ ಹೂವಿನ ತಪ್ಪನ್ನು ಗೊಬ್ಬರದ ಮೇಲಷ್ಟೇ ಹಾಕಬೇಡಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಖೆ ಇಳಿಯದಿದ್ದರೆ ಪರಾಗ ಸತ್ತು ಹೂ ಉದುರುತ್ತೆ. ಗದಗಿನ ಏಪ್ರಿಲ್ ಬಿಸಿಲಿಗೆ ಟೊಮೆಟೊಕ್ಕಿಂತ ಚವಳಿಕಾಯಿ ಒಳ್ಳೇದು. ನಾನಂತೂ ಬೇಸಿಗೆಗೆ ಟೊಮೆಟೊ ಹಚ್ಚುವುದೇ ಬಿಟ್ಟಿದ್ದೇನೆ.

ಇನ್ನೊಂದು, ಇದನ್ನು ದಯವಿಟ್ಟು ಮರೆಯಬೇಡಿ. ನಾವು ರೊಟ್ಟಿ ಜೊತೆ ಹಕ್ಕರಕಿ, ಮೆಂತ್ಯ, ಮೂಲಂಗಿ ಹಸಿಯಾಗೇ ತಿನ್ನುವ ಮಂದಿ. ಹಸಿ ಕೋಳಿ ಗೊಬ್ಬರದಲ್ಲಿ ಸಾಲ್ಮೊನೆಲ್ಲಾ ಅನ್ನೋ, ವಾಂತಿ ಭೇದಿ ತರುವ ರೋಗಾಣು ಇರಬಹುದು. ಅದು ಬಿದ್ದ ಮಡಿಯಿಂದ 120 ದಿನ ಆಗುವ ತನಕ ಹಸಿ ಪಲ್ಯೆ ಕಿತ್ತು ತಿನ್ನಬೇಡಿ. ಮನೇಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಹುಷಾರು.

ಬೆಟಗೇರಿ ಹಿತ್ತಲು:
ಮೂರು ವಾರ ಆಯ್ತು, ಹೇಳಬೇಕು ಅನ್ನಿಸಿತು. ಎರಡು ಬದನೆ ಹೋದವು. ಎಂಟರಲ್ಲಿ ಹೊಸ ಸುಳಿ ಬಂದಿದೆ, ಅಂಚು ಸ್ವಚ್ಛ ಇದೆ. ಮೆಣಸಿನ ಗಿಡ ಅಷ್ಟು ಕೆಟ್ಟಿರಲಿಲ್ಲ. ಮೆಂತ್ಯದ ಮಡಿ ಗೂಡಿನ ಆಚೆ ಕಡೆಗೆ ಸರಿಸಿದೆ. ಗುಡ್ಡೆ ಕಳಿತಿದೆ ಅಂತ ಗೊತ್ತಾಗುವುದು ಹೇಗ್ರೀ?

ರಾಣೆಬೆನ್ನೂರು ಕೋಳಿಗೂಡು:
ಎರಡು ಕರಟ ತಗೊಳ್ಳಿ. ಒಂದಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಅರ್ಧ ಮಣ್ಣು ಅರ್ಧ ಗುಡ್ಡೆಯ ಗೊಬ್ಬರ. ಎರಡಕ್ಕೂ ಹತ್ತು ಹತ್ತು ಮೆಂತ್ಯ ಕಾಳು ಹಾಕಿ. ವಾರದಲ್ಲಿ ಎರಡೂ ಕಡೆ ಒಂದೇ ಸಮ ಎದ್ದರೆ ತಯಾರು. ಗೊಬ್ಬರದ ಕರಟದಲ್ಲಿ ಕಡಿಮೆ ಮೊಳೆತರೆ, ಬೇರಿನ ತುದಿ ಕಂದಾದರೆ, ಇನ್ನೂ ಒಂದು ತಿಂಗಳು ಬಿಡಿ.

ಬೆಟಗೇರಿ ಹಿತ್ತಲು:
ಸುಮ್ನೆ ನೋಡೋಣ ಅಂತ ಈಗಲೇ ಹಾಕಿದೆ. ಮಣ್ಣಲ್ಲಿ ಒಂಬತ್ತು ಎದ್ದಿವೆ, ಗೊಬ್ಬರದಲ್ಲಿ ಮೂರು. ಮಗುಚುತ್ತಾ ಇರ್ತೇನೆ. ಮಳೆಗಾಲದ ಬದನೆ ಸಸಿ ಹಚ್ಚುವ ಮುಂಚೆ ಮತ್ತೆ ಹಾಕಿ ನೋಡ್ತೇನೆ.