ಡಿಸ್ನಿ ರೆಸಾರ್ಟ್, ಒಂಬತ್ತು ಜನ, ಎಷ್ಟು ರೂಮ್, ಎಷ್ಟು ದುಡ್ಡು? ವೀಣಾ ಅವರನ್ನು ಕೇಳಿ

ಅಡ್ಮಿನ್: ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಆರ್ಲಾಂಡೋ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗಬೇಕು, ಒಳ್ಳೆ ರೆಸಾರ್ಟ್ ಯಾವುದು ಅಂತ ಗುಂಪಿನಲ್ಲಿ ಕೇಳುತ್ತಲೇ ಇರುತ್ತೀರಿ. ನಮ್ಮ ಸದಸ್ಯೆ ವೀಣಾ ಟ್ರಾವೆಲ್ ಏಜೆಂಟ್. ಡಿಸ್ನಿ ಬುಕಿಂಗೇ ಅವರ ಕೆಲಸ. ಈ ವಾರಾಂತ್ಯ ಇಲ್ಲೇ ಉತ್ತರ ಕೊಡುತ್ತಾರೆ. ದುಬಾರಿ ರೆಸಾರ್ಟ್‌ಗಳ ರೂಮ್ ಖರ್ಚಿನ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಮೆಸೇಜ್ ಬೇಡ.

ಶ್ವೇತಾ: ನಮಸ್ಕಾರ ವೀಣಾ ಅವರೇ. ಡಿಸ್ನಿಯ ದುಬಾರಿ ದರ್ಜೆ, ಡೀಲಕ್ಸ್ ರೆಸಾರ್ಟ್ ಅಂದರೆ ರಾತ್ರಿಗೆ ಎಷ್ಟು ಇಟ್ಟುಕೊಳ್ಳಬೇಕು? ಅಷ್ಟು ಕೊಟ್ಟರೆ ಜಾಸ್ತಿ ಏನು ಸಿಗುತ್ತದೆ?

ವೀಣಾ: ನಮಸ್ಕಾರ. ತಾರೀಖಿನ ಮೇಲೆ ಹೋಗುತ್ತದೆ. ಸದ್ಯ 600 ಡಾಲರ್ ಅಂತ ಹಿಡಿದು ಲೆಕ್ಕ ಶುರುಮಾಡಿ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಇಳಿಯುತ್ತದೆ. ಕ್ರಿಸ್‌ಮಸ್ ವಾರದಲ್ಲಿ ಕಣ್ಣು ಮುಚ್ಚಿಕೊಂಡು ಬಿಲ್ ನೋಡಬೇಕು. ಅದರ ಮೇಲೆ 12.5 ಶೇಕಡಾ ತೆರಿಗೆ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಪಾರ್ಕಿನೊಳಗೆ ಬಿಡುವ ಸೌಲಭ್ಯಕ್ಕೆ ಡೀಲಕ್ಸ್ ಬೇಕಾಗಿಲ್ಲ. ಡಿಸ್ನಿಯ ಅಗ್ಗದ ಹೋಟೆಲ್‌ನಲ್ಲಿ ಉಳಿದವರಿಗೂ ಅದು ಇದೆ. ಡೀಲಕ್ಸ್‌ನವರಿಗೆ ಕೆಲವು ರಾತ್ರಿ ಪಾರ್ಕ್ ಮುಚ್ಚಿದ ಮೇಲೂ ಇರಲು ಬಿಡುತ್ತಾರೆ. ಉಳಿದದ್ದು ಜಾಗದ ಬೆಲೆ. ಕಾಂಟೆಂಪರರಿ ರೆಸಾರ್ಟ್‌ನಿಂದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ನಡೆದೇ ಹೋಗಬಹುದು. ಮಧ್ಯಾಹ್ನ ವಯಸ್ಸಾದವರು ರೂಮಿಗೆ ಬಂದು ಮಲಗಿ ಮತ್ತೆ ಸಂಜೆ ಹೊರಡಬಹುದು. ಅದಕ್ಕೆ ದುಡ್ಡು ಕೊಟ್ಟರೆ ತಪ್ಪಿಲ್ಲ.

ಪ್ರಸನ್ನ: ಮೇಡಂ, ನಾವು 6 ಜನ. 4 ಜನರ ಹೆಸರು ಹಾಕಿ ರೂಮ್ ತೆಗೆದುಕೊಂಡು 6 ಜನ ಉಳಿದರೆ ಯಾರಿಗೆ ಗೊತ್ತಾಗುತ್ತದೆ?

ವೀಣಾ: ಬೇಡ. ರೂಮಿಗೆ ಇಷ್ಟು ಜನ ಅನ್ನುವುದು ಬೆಂಕಿ ಸುರಕ್ಷತೆಯ ಲೆಕ್ಕ. ಹೆಸರಿಲ್ಲದವರಿಗೆ ರೆಸಾರ್ಟ್‌ನಲ್ಲಿ ಉಳಿಯುವವರ ಯಾವ ಸೌಲಭ್ಯವೂ ಇಲ್ಲ. 3 ವರ್ಷದೊಳಗಿನ ಮಗು ತೊಟ್ಟಿಲಲ್ಲಿ ಮಲಗಿದರೆ ಲೆಕ್ಕಕ್ಕಿಲ್ಲ, ಅಷ್ಟೇ ವಿನಾಯಿತಿ.

ರೇಖಾ: ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ವೀಲ್‌ಚೇರ್ ರೆಸಾರ್ಟ್‌ನಲ್ಲೇ ಕೊಡುತ್ತಾರಾ, ಪಾರ್ಕಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳಬೇಕಾ?

ಮಂಜು (ಡಲ್ಲಾಸ್): ವೀಣಾ ಅವರೇ, ನಮ್ಮದು ದೊಡ್ಡ ಗುಂಪು. ನಾನು, ಹೆಂಡತಿ, 8 ವರ್ಷದ ಮಗಳು, 2 ವರ್ಷದ ಮಗ, ನನ್ನ ತಮ್ಮ, ದಾವಣಗೆರೆಯಿಂದ ಅಪ್ಪ-ಅಮ್ಮ, ಮೈಸೂರಿಂದ ಅತ್ತೆ-ಮಾವ. ಥ್ಯಾಂಕ್ಸ್‌ಗಿವಿಂಗ್ ವಾರ, 5 ರಾತ್ರಿ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಮೇಲೆ ಮನಸ್ಸಿದೆ. ಬಾಲ್ಕನಿಯಿಂದ ಜಿರಾಫೆ ಕಾಣುತ್ತದಂತೆ. ಎರಡು ರೂಮ್ ಸಾಕಾ? ಬಜೆಟ್ ಹೇಗೆ ಹಾಕಲಿ?

ವೀಣಾ: ಒಳ್ಳೆ ಪ್ರಶ್ನೆ. ಕಾಗದದ ಮೇಲೆ ಎರಡು ರೂಮ್ ಸಾಕು. ಅಲ್ಲಿನ ಸಾಮಾನ್ಯ ರೂಮಿಗೆ ನಾಲ್ಕು ಜನ. ಎಂಟು ಜನ ಆಯಿತು, ಚಿಕ್ಕವನು ತೊಟ್ಟಿಲಲ್ಲಿ. ತೊಟ್ಟಿಲು ಹೋಟೆಲ್‌ನವರೇ ಕೊಡುತ್ತಾರೆ. ಆದರೆ ಯಾರು ಯಾರ ಜೊತೆ ಮಲಗುತ್ತಾರೆ? ನೀವಿಬ್ಬರು, ತಮ್ಮ, ಮಗಳು ಒಂದು ರೂಮು. ಇನ್ನೊಂದರಲ್ಲಿ ನಿಮ್ಮ ಅಪ್ಪ-ಅಮ್ಮ, ಅತ್ತೆ-ಮಾವ. ಬೀಗರಿಬ್ಬರನ್ನು ಒಂದೇ ರೂಮಿಗೆ ಹಾಕಿ, ಒಂದೇ ಬಚ್ಚಲುಮನೆ ಕೊಟ್ಟು, ಐದು ದಿನ ಬೆಳಿಗ್ಗೆ ಏಳಿಸುತ್ತೀರಾ? ನಿಮ್ಮ ಮಾವ ನಿಮ್ಮ ಅಮ್ಮನ ಮುಂದೆ ಪಂಚೆಯಲ್ಲಿ ಓಡಾಡಲಾರರು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಕಷ್ಟ.

ಈಗ ದುಡ್ಡು. ರೂಮಿಗೆ 600 ಅಂತ ಇಟ್ಟುಕೊಳ್ಳೋಣ. ನಿಮ್ಮ ವಾರಕ್ಕೆ ಇದಕ್ಕಿಂತ ಜಾಸ್ತಿಯೂ ಆಗಬಹುದು, ಲೆಕ್ಕದ ದಾರಿ ನೋಡಿ. ವೆಬ್‌ಸೈಟ್‌ನಲ್ಲಿ ಕಾಣುವ ಬೆಲೆ ಇಬ್ಬರು ದೊಡ್ಡವರಿಗೆ ಮಾತ್ರ. ಮೂರನೆಯವರಿಂದ ತಲೆಗೆ ರಾತ್ರಿಗೆ 35 ಡಾಲರ್ ಸೇರುತ್ತದೆ. ಮಕ್ಕಳಿಗೆ ಇಲ್ಲ. ಬೀಗರ ರೂಮಿಗೆ 70, ನಿಮ್ಮ ರೂಮಿಗೆ 35. ಎರಡು ರೂಮ್ ಸೇರಿ 1,305, ತೆರಿಗೆ ಸೇರಿಸಿ ಸುಮಾರು 1,468. ಐದು ರಾತ್ರಿಗೆ 7,340. ಮೂರು ರೂಮ್ ತೆಗೆದುಕೊಂಡರೆ 35 ಡಾಲರ್ ನಿಮ್ಮ ರೂಮಿಗೆ ಮಾತ್ರ. ಐದು ರಾತ್ರಿಗೆ ಸುಮಾರು 10,320. ವ್ಯತ್ಯಾಸ 3,000ದ ಹತ್ತಿರ. ಅದು ಬೀಗರ ನಡುವಿನ ಮರ್ಯಾದೆಯ ಬೆಲೆ, ಕೊಡಬೇಕೋ ಬೇಡವೋ ಮನೆಯಲ್ಲಿ ಮಾತಾಡಿ.

ಜಿರಾಫೆ ಕಾಣುವ ರೂಮ್ ಮೂರೂ ತೆಗೆದುಕೊಳ್ಳಬೇಡಿ. ಒಂದು ಸಾಕು, ಎಲ್ಲರೂ ಅಲ್ಲೇ ಕಾಫಿ ಕುಡಿಯಿರಿ. ಲಾಬಿಯ ಹಿಂದೆ ಎಲ್ಲರೂ ನಿಂತು ನೋಡುವ ಜಾಗವೂ ಇದೆ, ಅದಕ್ಕೆ ದುಡ್ಡಿಲ್ಲ. ಅಂದಹಾಗೆ ಲಾಡ್ಜ್‌ನದೇ ಇನ್ನೊಂದು ಕಟ್ಟಡ ಕಿಡಾನಿಯ ಸನಾ ರೆಸ್ಟೋರೆಂಟ್‌ನಲ್ಲಿ ನಾನ್, ಪನೀರ್ ಪರಾಠ, ಒಂಬತ್ತು ಬಗೆ ಚಟ್ನಿ-ಗೊಜ್ಜು ಕೊಡುತ್ತಾರೆ. ದೊಡ್ಡವರಿಗೆ ಒಂದು ಊಟ ಆಯಿತು.

ಗುರು: ಸುಮ್ನೆ ಯಾಕೆ 10 ಸಾವಿರ? ಡಿಸ್ನಿ ಹತ್ತಿರದ ಡಾವೆನ್‌ಪೋರ್ಟ್ ಊರಿನಲ್ಲಿ 5 ಬೆಡ್‌ರೂಮ್ ಬಾಡಿಗೆ ಮನೆ, ಸ್ವಂತ ಈಜುಕೊಳ, ಅರ್ಧ ದುಡ್ಡಿಗೆ ಸಿಗುತ್ತದೆ. ದೊಡ್ಡ ಅಡುಗೆಮನೆ ಬೇರೆ. ಬಿಸಿಬೇಳೆಬಾತ್ ಮಾಡಿಕೊಂಡು ಆರಾಮಾಗಿರಬಹುದು.

ಶ್ವೇತಾ: ಮಾಡೋರು ಯಾರು ಗುರು ಅವರೇ? ರಜೆಗೆ ಹೋಗಿಯೂ ಒಗ್ಗರಣೆ ನಾನೇ ಹಾಕಬೇಕಾ?

ಗುರು: ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಮಾಡುತ್ತೇವೆ.

ಶ್ವೇತಾ: ನಿಮ್ಮ ಮನೆಯವರನ್ನೇ ಕೇಳಿ ನೋಡುತ್ತೇನೆ, ಅವರೂ ಈ ಗುಂಪಿನಲ್ಲಿದ್ದಾರೆ 🙂

ಪ್ರಸನ್ನ: ಮನೆ ಅಂದರೆ ಎರಡು ಕಾರು. ಪಾರ್ಕಿಂಗ್ ಕಾರಿಗೆ ದಿನಕ್ಕೆ ಕನಿಷ್ಠ 30 ಡಾಲರ್. ಡಿಸ್ನಿ ಹೋಟೆಲ್‌ನಲ್ಲಿ ಉಳಿದರೆ ಪಾರ್ಕಿಂಗ್ ಪುಕ್ಕಟೆ, ಬಸ್ಸೂ ಪುಕ್ಕಟೆ. ಅದನ್ನೂ ಲೆಕ್ಕ ಹಾಕಿ.

ಗುರು: ಐದು ದಿನಕ್ಕೆ ಹೆಚ್ಚೆಂದರೆ ಕೆಲವು ನೂರು ಡಾಲರ್ ಆಯಿತು. ಅದಕ್ಕಾಗಿ 5,000 ಜಾಸ್ತಿ ಕೊಡುವವರು ಬುದ್ಧಿವಂತರು ಅನ್ನಿ. ಏಜೆಂಟರಿಗೆ ಮನೆಯಿಂದ ಕಮಿಷನ್ ಬರುವುದಿಲ್ಲ, ಹಾಗಾಗಿ ಹೇಳುವುದಿಲ್ಲ.

ವೀಣಾ: ಗುರು ಅವರೇ, ಹೌದು, ಡಿಸ್ನಿ ನನಗೆ ಕಮಿಷನ್ ಕೊಡುತ್ತದೆ. ಮುಚ್ಚುಮರೆ ಇಲ್ಲ. ಗಿರಾಕಿಯಿಂದ ಹೆಚ್ಚಿಗೆ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಬರೆಯುತ್ತಿರುವುದಕ್ಕೆ ಯಾರೂ ಕೊಡುವುದಿಲ್ಲ. ಹದಿಹರೆಯದ ಮಕ್ಕಳಿದ್ದು, ಕಾರು ಓಡಿಸುವವರು ಇಬ್ಬರಿದ್ದರೆ ಮನೆ ಒಳ್ಳೆಯದು. 70 ದಾಟಿದವರು ನಾಲ್ಕು ಜನ ಇದ್ದು, ಮಧ್ಯಾಹ್ನ ವಾಪಸ್ ಬಂದು ಮಲಗಬೇಕು ಅಂದರೆ ಮನೆ ದೂರ. ಪ್ರಶ್ನೆ ಕೇಳಿದ್ದು ರೆಸಾರ್ಟ್ ಬಗ್ಗೆ.

ಅನಿತಾ: ಇದು ನನಗೆ ಬಂದಿದ್ದು, ಎಲ್ಲರಿಗೂ ಉಪಯೋಗ: "ಚೆಕ್-ಇನ್ ಮಾಡುವಾಗ ಮದುವೆ ವಾರ್ಷಿಕೋತ್ಸವ ಅಂತ ಹೇಳಿ, ಸೂಟ್ ಫ್ರೀ ಕೊಡುತ್ತಾರೆ. ಕಿಸ್ಸಿಮಿ ರಸ್ತೆಯಲ್ಲಿ ಉಳಿಕೆ ದಿನಗಳ ಪಾರ್ಕ್ ಟಿಕೆಟ್ ಅರ್ಧ ಬೆಲೆಗೆ ಸಿಗುತ್ತದೆ. 10 ಜನರಿಗೆ ಕಳಿಸಿ."

ವೀಣಾ: ಅನಿತಾ ಅವರೇ, ಅಡ್ಮಿನ್ ಮೊದಲೇ ಬರೆದಿದ್ದಾರೆ. ವಾರ್ಷಿಕೋತ್ಸವ ಅಂದರೆ ಎದೆಗೆ ಚುಚ್ಚಿಕೊಳ್ಳುವ ಬಟನ್ ಕೊಡುತ್ತಾರೆ, ಸೂಟ್ ಅಲ್ಲ. ಟಿಕೆಟ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ. ಗೇಟಿನಲ್ಲಿ ಬೆರಳು ಸ್ಕ್ಯಾನ್ ಮಾಡುತ್ತಾರೆ. ಬೇರೆಯವರ ಉಳಿಕೆ ಟಿಕೆಟ್ ಹಿಡಿದುಕೊಂಡು ಅತ್ತೆ-ಮಾವನ ಜೊತೆ ಗೇಟಿನಲ್ಲಿ ನಿಂತು ವಾಪಸ್ ಬರುವುದು ನಿಮಗೆ ಬೇಕಾ? ಇಂಥದ್ದನ್ನು ಹತ್ತು ಜನರಿಗೆ ಕಳಿಸಬೇಡಿ. ಒಬ್ಬರಿಗೂ ಕಳಿಸಬೇಡಿ.

ಅನಿತಾ: ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಖಾರ ಯಾಕೆ?

ಸತೀಶ್: ಡಿಸ್ನಿ ಬಿಟ್ಟು ಆರ್ಲಾಂಡೋದ ಇನ್ನೊಂದು ಪಾರ್ಕ್, ಯೂನಿವರ್ಸಲ್ ಕಡೆ ಹೋಗುವುದಾದರೆ? ಮಕ್ಕಳು 14, 16.

ವೀಣಾ: ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್. ಈ ಮೂರರಲ್ಲಿ ಉಳಿದರೆ ರೂಮಿನಲ್ಲಿರುವ ಎಲ್ಲರಿಗೂ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಸೇರಿರುತ್ತದೆ. ಬೇರೆಯಾಗಿ ಕೊಂಡರೆ ತಲೆಗೆ ದಿನಕ್ಕೆ 100 ಡಾಲರ್ ದಾಟುವುದು ಮಾಮೂಲು. ಬರುವ ದಿನ, ಹೊರಡುವ ದಿನ ಎರಡಕ್ಕೂ ನಡೆಯುತ್ತದೆ. ಒಂದು ರಾತ್ರಿಯ ಬಾಡಿಗೆಗೆ ಎರಡು ದಿನ. ಐದು ಜನರಿದ್ದರೆ ರೂಮಿನ ದುಡ್ಡು ಪಾಸಿನಲ್ಲೇ ಹುಟ್ಟುತ್ತದೆ. 2025ರ ಮೇನಲ್ಲಿ ತೆರೆದ ಯೂನಿವರ್ಸಲ್‌ನ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್‌ಗೆ ಈ ಪಾಸ್ ನಡೆಯುವುದಿಲ್ಲ.

ಮಂಜು (ಡಲ್ಲಾಸ್): ವೀಣಾ ಅವರೇ, ಒಂದು ವಿಷಯ ಬಿಟ್ಟಿದ್ದೆ. ಹೋದ ವಾರ ಒಂದು ಗುಂಪಿನಲ್ಲಿ ಒಬ್ಬರು ಕಿಡಾನಿಯಲ್ಲಿ ತಮ್ಮ ಡಿಸ್ನಿ ವೆಕೇಷನ್ ಕ್ಲಬ್ ಪಾಯಿಂಟ್ ಮೇಲೆ ವಿಲ್ಲಾ ಕೊಡುತ್ತೇನೆ ಅಂದರು. 5 ರಾತ್ರಿಗೆ 2,000. ಎರಡು ಬೆಡ್‌ರೂಮ್, ಜಿರಾಫೆ ಕಾಣುವ ಕಡೆ. ಬ್ಯಾಂಕಿಂದ ನೇರ ದುಡ್ಡು ಕಳಿಸುವ ಝೆಲ್‌ನಲ್ಲಿ ಪೂರ್ತಿ ಕಳಿಸಿದ್ದೇನೆ. ಇದು ಒಳ್ಳೆ ಡೀಲ್ ಅಲ್ವಾ?

ವೀಣಾ: ಮಂಜು ಅವರೇ, ಬುಕಿಂಗ್ ನಂಬರ್ ಕೊಟ್ಟಿದ್ದಾರಾ? ಅಗ್ರಿಮೆಂಟ್ ಇದೆಯಾ? ತಕ್ಷಣ ಹೇಳಿ.

ಮಂಜು (ಡಲ್ಲಾಸ್): ಅಗ್ರಿಮೆಂಟ್ ಇಲ್ಲ. ನಂಬರ್ ಇವತ್ತು ಕಳಿಸುತ್ತಾರಂತೆ.

ವೀಣಾ: ಪಾಯಿಂಟ್ ಬಾಡಿಗೆ ಸ್ವತಃ ಮೋಸವಲ್ಲ. ಆ ಕ್ಲಬ್‌ಗೆ ದುಡ್ಡು ಕಟ್ಟಿದ ಸದಸ್ಯರು, ರೂಮ್ ಬುಕ್ ಮಾಡಲು ಪ್ರತಿ ವರ್ಷ ಬರುವ ತಮ್ಮ ಪಾಯಿಂಟ್‌ಗಳನ್ನು ಬೇರೆಯವರಿಗೆ ಕೊಟ್ಟು ದುಡ್ಡು ಮಾಡಿಕೊಳ್ಳುತ್ತಾರೆ. ದೊಡ್ಡ ಕುಟುಂಬಕ್ಕೆ ಒಳ್ಳೆಯ ದಾರಿಯೇ. ಕಿಡಾನಿಯ ಎರಡು ಬೆಡ್‌ರೂಮ್ ವಿಲ್ಲಾಗೆ 9 ಜನ, ಮೂರು ಬಚ್ಚಲುಮನೆ, ಪೂರ್ತಿ ಅಡುಗೆಮನೆ, ಬಟ್ಟೆ ಒಗೆಯುವ ಮಷೀನು. ಆದರೆ ದರ ನೋಡಿ. ನಿಮ್ಮ ವಾರಕ್ಕೆ, ಆ ಕಡೆ ಕಾಣುವ ಎರಡು ಬೆಡ್‌ರೂಮಿಗೆ ರಾತ್ರಿಗೆ 40 ಪಾಯಿಂಟ್‌ಗಿಂತ ಕಡಿಮೆ ಇರಲಾರದು. ಐದು ರಾತ್ರಿಗೆ 200. ಪಾಯಿಂಟಿಗೆ 20 ಡಾಲರ್ ಆಸುಪಾಸು ಬಾಡಿಗೆ, ಅಂದರೆ 4,000. ನಿಮಗೆ 10ಕ್ಕೆ ಕೊಟ್ಟಿದ್ದಾರೆ. ಸದಸ್ಯರು ವರ್ಷ ವರ್ಷ ಕಟ್ಟುವ ನಿರ್ವಹಣಾ ಶುಲ್ಕವೇ ಪಾಯಿಂಟಿಗೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಯಾರು ಹಾಗೆ ಧರ್ಮಕ್ಕೆ ಕೊಡುತ್ತಾರೆ?

ಈಗಲೇ ಹೀಗೆ ಮಾಡಿ. ನಂಬರ್ ಬಂದ ತಕ್ಷಣ ಡಿಸ್ನಿ ಆ್ಯಪ್‌ನಲ್ಲಿ ನಿಮ್ಮ ಹೆಸರಿಗೆ ಸೇರಿಸಿ. ತಾರೀಖು, ಕಟ್ಟಡ, ರೂಮಿನ ಬಗೆ ಮೂರನ್ನೂ ಓದಿ. ಆ್ಯಪ್‌ನಲ್ಲಿ ಕಂಡ ಮಾತ್ರಕ್ಕೆ ನಿಶ್ಚಿಂತೆ ಅಂತ ಅಲ್ಲ. ಬುಕಿಂಗ್ ಸದಸ್ಯರ ಕೈಯಲ್ಲೇ ಇರುತ್ತದೆ, ಅವರು ಯಾವಾಗ ಬೇಕಾದರೂ ರದ್ದು ಮಾಡಬಹುದು. ಅದಕ್ಕೇ ಬರಹದ ಅಗ್ರಿಮೆಂಟ್, ಅದಕ್ಕೇ ಕ್ರೆಡಿಟ್ ಕಾರ್ಡ್ ಅಥವಾ ನಡುವೆ ದುಡ್ಡು ಹಿಡಿದಿಡುವ ಬ್ರೋಕರ್. ಝೆಲ್‌ನಲ್ಲಿ ಕಳಿಸಿದ ದುಡ್ಡು ನಗದು ಕೊಟ್ಟ ಹಾಗೆ. ರಾತ್ರಿಯೊಳಗೆ ನಂಬರ್ ಬರದಿದ್ದರೆ ಬ್ಯಾಂಕಿಗೆ ಫೋನ್ ಮಾಡಿ, ಎಫ್‌ಬಿಐನ ಇಂಟರ್ನೆಟ್ ಕ್ರೈಮ್ ದೂರು ಕೇಂದ್ರದಲ್ಲಿ ದೂರು ಹಾಕಿ. ಚಾಟ್ ಅಳಿಸಬೇಡಿ.

ಗುರು: ಅದಕ್ಕೇ ಹೇಳಿದ್ದು ಮನೆ ತೆಗೆದುಕೊಳ್ಳಿ ಅಂತ.

ಶ್ವೇತಾ: ಅವರ ದುಡ್ಡು ಹೋಗುತ್ತಿದೆ, ನಿಮಗೆ ಮನೆಯದೇ ಚಿಂತೆ.

ಗುರು: ನಿಮಗೆ ಒಗ್ಗರಣೆಯದು.

ಪ್ರಸನ್ನ: ಮೇಡಂ, ನಮ್ಮ ಆರರಲ್ಲಿ ಇಬ್ಬರು ಮಕ್ಕಳು ತೆಳ್ಳಗಿದ್ದಾರೆ, ಒಂದೇ ಹಾಸಿಗೆ ಸಾಕು. ಆಗಲೂ ಆಗುವುದಿಲ್ಲವಾ?

ವೀಣಾ: ಮೇಲೆ ಉತ್ತರ ಇದೆ.

ಅಡ್ಮಿನ್: ಮನೆ-ರೆಸಾರ್ಟ್ ಜಗಳಕ್ಕೆ ಬೇರೆ ಪೋಸ್ಟ್ ಹಾಕಿಕೊಳ್ಳಿ. ಇನ್ನು ಮುಂದೆ ಅಳಿಸುತ್ತೇನೆ.

ಮಂಜು (ಡಲ್ಲಾಸ್): ನಂಬರ್ ಬಂತು! ಆ್ಯಪ್‌ನಲ್ಲಿ ಕಿಡಾನಿ, ನನ್ನ ಹೆಸರು, ಸರಿಯಾದ ತಾರೀಖು. ಆದರೆ ಡೀಲಕ್ಸ್ ಸ್ಟುಡಿಯೋ ಅಂತ ಇದೆ. 4 ಜನಕ್ಕೆ. ಅವರನ್ನು ಕೇಳಿದರೆ "ನಾನು ವಿಲ್ಲಾ ಅಂದಿದ್ದು, ಎರಡು ಬೆಡ್‌ರೂಮ್ ಅಂತ ಎಲ್ಲಿ ಹೇಳಿದೆ" ಅನ್ನುತ್ತಿದ್ದಾರೆ. ಚಾಟ್‌ನಲ್ಲಿ ನಿಜವಾಗಿಯೂ ಇಲ್ಲ. ಫೋಟೊ ಮಾತ್ರ ದೊಡ್ಡ ರೂಮಿಂದು ಹಾಕಿದ್ದರು.

ವೀಣಾ: ಸದ್ಯ, ದುಡ್ಡು ಹೋಗಿಲ್ಲ. ಆ ಕ್ಲಬ್‌ನಲ್ಲಿ ಒಂದೇ ರೂಮಿನ ಸ್ಟುಡಿಯೋಗೂ ವಿಲ್ಲಾ ಅಂತಲೇ ಅನ್ನುತ್ತಾರೆ. ರಾತ್ರಿಗೆ 400 ಸ್ಟುಡಿಯೋಗೆ ಸರಿಯಾದ ಬೆಲೆಯೇ. ಫೋಟೊ ಹಾಗೆ ಹಾಕಿದ್ದು ಸರಿಯಲ್ಲ, ಆದರೆ ಅದರ ಹಿಂದೆ ಬಿದ್ದು ಜಗಳಕ್ಕೆ ಹೋದರೆ ಅವರು ಬುಕಿಂಗ್ ರದ್ದು ಮಾಡಬಹುದು. ಬೇಡ. ನಯವಾಗಿಯೇ ಅಗ್ರಿಮೆಂಟ್ ಬರೆಸಿಕೊಳ್ಳಿ.

ಸ್ಟುಡಿಯೋ ಇಟ್ಟುಕೊಳ್ಳಿ. ನೀವಿಬ್ಬರು, ತಮ್ಮ, ಮಗಳು, ತೊಟ್ಟಿಲಲ್ಲಿ ಮಗ. ಸರಿಯಾಗಿ ಹಿಡಿಸುತ್ತದೆ. ಜಿರಾಫೆ ಕಾಣುವ ಕಡೆಯದೇ ಆದರೆ ಆ ರೂಮೂ ಅದೇ ಆಯಿತು. ಅಪ್ಪ-ಅಮ್ಮನಿಗೆ ಒಂದು, ಅತ್ತೆ-ಮಾವನಿಗೆ ಒಂದು ಸಾಮಾನ್ಯ ರೂಮ್ ಪಕ್ಕದ ಮುಖ್ಯ ಕಟ್ಟಡದಲ್ಲಿ ತೆಗೆದುಕೊಳ್ಳಿ, ನಡೆಯುವಷ್ಟೇ ದೂರ. ರೂಮಿಗೆ ಇಬ್ಬರೇ, 35 ಡಾಲರಿನ ಗೊಡವೆ ಇಲ್ಲ. ಅದೇ 600ರ ಲೆಕ್ಕದಲ್ಲಿ ತೆರಿಗೆ ಸೇರಿ 6,750, ನಿಮ್ಮ 2,000 ಸೇರಿ 8,750. ಮೂರು ರೂಮಿಗಿಂತ ಸುಮಾರು 1,570 ಕಡಿಮೆ. ಆ ಎರಡು ರೂಮನ್ನು ಪಾರ್ಕ್ ಟಿಕೆಟ್ ಸೇರಿಸದೆ ಬರೀ ರೂಮ್ ಅಂತ ಬುಕ್ ಮಾಡಿ. ಒಂದು ರಾತ್ರಿಯ ಮುಂಗಡ ಸಾಕು, ಬರುವ 5 ದಿನ ಮುಂಚಿನವರೆಗೂ ರದ್ದು ಮಾಡಿದರೆ ವಾಪಸ್. ಸ್ಟುಡಿಯೋ ಇನ್ನೂ ನಿಮ್ಮ ಹೆಸರಿನಲ್ಲಿದೆಯಾ ಅಂತ ಆಗಾಗ ಆ್ಯಪ್ ನೋಡುತ್ತಿರಿ. ಉಳಿದದ್ದು ಇನ್‌ಬಾಕ್ಸ್‌ಗೆ ಬನ್ನಿ.

ಮಂಜು (ಡಲ್ಲಾಸ್): ತುಂಬಾ ಉಪಕಾರ ಆಯಿತು. ಇವತ್ತೇ ಬುಕ್ ಮಾಡುತ್ತೇನೆ.

ಅನಿತಾ: ವಾರ್ಷಿಕೋತ್ಸವಕ್ಕೆ ಸೂಟ್ ಸಿಕ್ಕಿದ್ದು ನಿಜ ಅಂತ ನನ್ನ ಅಕ್ಕ ಹೇಳುತ್ತಿದ್ದಾಳೆ.

ವೀಣಾ: ನಿಮ್ಮ ಅಕ್ಕನ ಹತ್ತಿರವೇ ಬುಕಿಂಗ್ ಮಾಡಿಸಿಕೊಳ್ಳಿ.

ರೇಖಾ: ವೀಲ್‌ಚೇರ್ ಬಗ್ಗೆ ಮೇಲೆ ಕೇಳಿದ್ದೆ. ಯಾರಾದರೂ ನೋಡಿದಿರಾ?