ಪಾರ್ಟಿಕಲ್ ಸ್ವಾರ್ಮ್ ವಿಧಾನದಲ್ಲಿ ನಿಯತಾಂಕಗಳ ಸ್ವಯಂ ಹೊಂದಾಣಿಕೆ ಹೇಗೆ?

ಪ್ರಶ್ನೆ: 30 ಆಯಾಮಗಳ ರಾಸ್ಟ್ರಿಗಿನ್ ಫಲನದ (ಅಸಂಖ್ಯ ಸ್ಥಳೀಯ ತಗ್ಗುಗಳಿರುವ ಪರೀಕ್ಷಾ ಫಲನ) ಕನಿಷ್ಠ ಬೆಲೆಯನ್ನು ಪಾರ್ಟಿಕಲ್ ಸ್ವಾರ್ಮ್ ವಿಧಾನದಿಂದ, ಅಂದರೆ ತಾವು ಮತ್ತು ಗುಂಪು ಕಂಡ ಉತ್ತಮ ಸ್ಥಾನಗಳತ್ತ ಚಲಿಸುವ ಕಣಗಳ ಗುಂಪಿನಿಂದ, ಹುಡುಕುತ್ತಿದ್ದೇನೆ. ಜಡತ್ವದ ತೂಕವನ್ನು (ಕಣದ ಹಿಂದಿನ ವೇಗ ಎಷ್ಟು ಉಳಿಯಬೇಕೆಂಬ ಗುಣಕ) ರೂಢಿಯಂತೆ 0.9ರಿಂದ 0.4ಕ್ಕೆ ಇಳಿಸುತ್ತಾ ಹೋದರೂ ಕಣಗಳೆಲ್ಲ ಒಂದೇ ಸ್ಥಳೀಯ ತಗ್ಗಿನಲ್ಲಿ ಸೇರಿ ನಿಂತುಬಿಡುತ್ತವೆ. ಹುಡುಕಾಟದ ಸ್ಥಿತಿಗೆ ತಕ್ಕಂತೆ ನಿಯತಾಂಕಗಳು ತಾವೇ ಬದಲಾಗುವಂತೆ ಮಾಡಲು ನಂಬಬಹುದಾದ ಮಾರ್ಗ ಯಾವುದು?

ಉತ್ತರ 1: ಸುತ್ತುಗಳ ಎಣಿಕೆಯನ್ನಷ್ಟೇ ನೋಡಿ ಇಳಿಸುವ ತೂಕಕ್ಕೆ ಹುಡುಕಾಟದ ಸ್ಥಿತಿ ತಿಳಿಯುವುದೇ ಇಲ್ಲ. ಪ್ರತಿ ಸುತ್ತಿನಲ್ಲಿ ಎಷ್ಟು ಕಣಗಳು ತಮ್ಮ ಸ್ವಂತ ಅತ್ಯುತ್ತಮ ಸ್ಥಾನವನ್ನು ಸುಧಾರಿಸಿಕೊಂಡವು ಎಂಬುದನ್ನು ಅಳೆದು, ಆ ಪ್ರಮಾಣ ಹೆಚ್ಚಿದ್ದಾಗ ತೂಕವನ್ನು ಏರಿಸಿ, ಕುಸಿದಾಗ ಇಳಿಸಬಹುದು. ಆದರೆ ಕಣಗಳೆಲ್ಲ ಒಂದೇ ನಾಯಕನತ್ತ (ಇಡೀ ಗುಂಪು ಕಂಡ ಅತ್ಯುತ್ತಮ ಸ್ಥಾನದತ್ತ) ಧಾವಿಸುವುದೇ ಮೂಲ ಕಾರಣವಾಗಿದ್ದರೆ ಇದರಿಂದ ಹೆಚ್ಚು ಪ್ರಯೋಜನವಾಗದು. ಮೊದಲು ಉಂಗುರಾಕಾರದ ನೆರೆಹೊರೆಯನ್ನು, ಅಂದರೆ ಪ್ರತಿ ಕಣವೂ ಅಕ್ಕಪಕ್ಕದ ಕೆಲವೇ ಕಣಗಳಿಂದ ಮಾಹಿತಿ ಪಡೆಯುವ ಜೋಡಣೆಯನ್ನು, ಬಳಸಿ ನೋಡಿ.

ಉತ್ತರ 2: ಡಿಫರೆನ್ಷಿಯಲ್ ಎವಲ್ಯೂಷನ್‌ನ (ಉತ್ತರಗಳ ನಡುವಿನ ವ್ಯತ್ಯಾಸಗಳನ್ನು ಸೇರಿಸಿ ಹೊಸ ಉತ್ತರಗಳನ್ನು ಹುಟ್ಟಿಸುವ ಇನ್ನೊಂದು ಹುಡುಕಾಟ ವಿಧಾನ) ಕಡೆಗೂ ಗಮನ ಕೊಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಅದರ ಒಂದು ರೂಪವಾದ 2009ರ ಜೇಡ್ ವಿಧಾನದಲ್ಲಿ ಪ್ರತಿ ಜೀವಿಗೂ (ಅಂದರೆ ಪ್ರತಿ ಸಂಭಾವ್ಯ ಉತ್ತರಕ್ಕೂ) ವ್ಯತ್ಯಯದ ಗುಣಕವನ್ನು (ಹೆಜ್ಜೆಯ ಗಾತ್ರ) ಕೌಶಿ ವಿತರಣೆಯಿಂದಲೂ (ದೂರದ ಬೆಲೆಗಳೂ ಆಗಾಗ ಬರುವ ವಿತರಣೆ) ಸಂಕರಣದ ದರವನ್ನು (ಒಮ್ಮೆಗೆ ಎಷ್ಟು ಆಯಾಮಗಳು ಬದಲಾಗುತ್ತವೆ ಎಂಬುದನ್ನು) ಸಾಮಾನ್ಯ ವಿತರಣೆಯಿಂದಲೂ ಆರಿಸಿ, ಸಂತತಿಯನ್ನು ಸುಧಾರಿಸಿದ ಬೆಲೆಗಳತ್ತ ಆ ವಿತರಣೆಗಳ ಕೇಂದ್ರವನ್ನು ಮೆಲ್ಲನೆ ಸರಿಸಲಾಗುತ್ತದೆ. ಗುಣಕಕ್ಕೆ ಲೇಮರ್ ಸರಾಸರಿಯನ್ನು ಬಳಸಿರುವುದು ಬಹಳ ವಿವೇಕದ ಆಯ್ಕೆ: ಅದು ದೊಡ್ಡ ಬೆಲೆಗಳಿಗೆ ಹೆಚ್ಚು ಮಹತ್ವ ಕೊಡುವುದರಿಂದ ಹೆಜ್ಜೆಗಳು ಅಕಾಲದಲ್ಲಿ ಕಿರಿದಾಗುವುದಿಲ್ಲ.

ಉತ್ತರ 3: ಒಂದು ಎಚ್ಚರಿಕೆ. ರಾಸ್ಟ್ರಿಗಿನ್‌ನ ಆಯಾಮಗಳು ಪರಸ್ಪರ ಸ್ವತಂತ್ರವಾಗಿರುವುದರಿಂದ ಡಿಫರೆನ್ಷಿಯಲ್ ಎವಲ್ಯೂಷನ್‌ನಲ್ಲಿ ಸಂಕರಣದ ದರ ಕಡಿಮೆಯಿದ್ದಷ್ಟೂ ಫಲಿತಾಂಶ ಚೆನ್ನಾಗಿ ಕಾಣುತ್ತದೆ. ನಿರ್ದೇಶಾಂಕಗಳನ್ನು ತಿರುಗಿಸಿದ ರೂಪದ ಮೇಲೂ, ಫಲನದ ಅಷ್ಟೇ ಮೌಲ್ಯಮಾಪನಗಳ ಮಿತಿಯಲ್ಲಿ, ಪರೀಕ್ಷಿಸಿದ ಬಳಿಕವೇ ವಿಧಾನವನ್ನು ಆರಿಸಿಕೊಳ್ಳಿ.